ನಾನು ಹೋದಾಗಲೆಲ್ಲ ನೆಟ್ಟಗಿರುತ್ತಿದ್ದ ಬನಹಟ್ಟಿಯ ಯಂತ್ರ

ಪಾತ್ರೆ ತೊಳೆಯುವ ಯಂತ್ರದಲ್ಲಿ ನೀರು ನಿಂತಿದೆ ಎಂದು ಕರೆ ಬಂದರೆ, ಈ ಕೆಲಸಕ್ಕೆ ಹೊಸದಾಗಿ ಬಂದ ತಮ್ಮಂದಿರೇ, ತಂಗಿಯರೇ, ಮೊದಲು ಸಲಕರಣೆ ಚೀಲದ ಬಾಯಿ ಬಿಚ್ಚಬೇಡಿ. ಯಂತ್ರದ ಬಾಗಿಲು ತೆರೆದು, ಮೊಣಕಾಲೂರಿ, ಒಳಗೆ ಮೂಗಿಟ್ಟು ಮೂಸಿ. ಮುಖ ತಿರುಗಿಸುವಂಥ ನಾತ ಬಂದರೆ ಜರಡಿಯಲ್ಲಿ ಅನ್ನ ಕೊಳೆತಿದೆ. ಬರೀ ಸೋಪಿನ ಘಮ ಬಂದರೆ ನೀರು ಹೊರದೂಡುವ ಪಂಪು ತಿರುಗುತ್ತಿಲ್ಲ. ಸುಟ್ಟ ವಾಸನೆ ಬಂದರೆ ಪಂಪು ತಿರುಗಲು ಹೋಗಿ ಸೋತಿದೆ. ಮನೆಯವರು ನಿಮ್ಮನ್ನು ವಿಚಿತ್ರವಾಗಿ ನೋಡುತ್ತಾರೆ. ನೋಡಲಿ ಬಿಡಿ. ವೈದ್ಯರು ನಾಡಿ ಹಿಡಿದಾಗ ಯಾರೂ ನಗುವುದಿಲ್ಲವಲ್ಲ.

ನಾನು ಈರಪ್ಪ. ಜಮಖಂಡಿಯ ಒಂದು ಸರ್ವಿಸ್ ಸೆಂಟರಿನಲ್ಲಿ ದುಡಿದು ನಿವೃತ್ತನಾದವನು. ಯಾವಾಗ ಸೇರಿದೆ, ಯಾವಾಗ ಹಿರಿಯ ಮೆಕ್ಯಾನಿಕ್ ಆದೆ ಎಂಬುದು ನನ್ನ ಹೆಂಡತಿಗೇ ಬೇಡವಾದ ವಿಷಯ, ನಿಮಗೇಕೆ? ಮಿಕ್ಸರ್, ಟಿ.ವಿ., ಬಟ್ಟೆ ಒಗೆಯುವ ಯಂತ್ರ ಎಂದು ಜೀವ ತೇದು, ಇನ್ನೇನು ಮನೆಗೆ ಹೋಗಬೇಕು ಎನ್ನುವ ಹೊತ್ತಿಗೆ ಈ ಪಾತ್ರೆ ತೊಳೆಯುವ ಯಂತ್ರಗಳು ನಮ್ಮ ಕಡೆ ಬಂದವು. ಜೊತೆಯವರೆಲ್ಲ ಇದೊಂದು ಹೊಸ ಪೀಡೆ ಎಂದರು. ನನಗೆ ಮಾತ್ರ ಎಳೆಯ ವಯಸ್ಸು ಮರಳಿ ಬಂದಂತಾಯಿತು. ಮೊದಲ ಯಂತ್ರವನ್ನು ಬಿಚ್ಚಿ ಅದರ ಹೊಟ್ಟೆಯೊಳಗಿನ ಪಂಪನ್ನು ಕೈಯಲ್ಲಿ ಹಿಡಿದಾಗ ಮೈ ಜುಮ್ಮೆಂದಿತು. ಒಂದು ಮುಷ್ಟಿ ಗಾತ್ರದ ವಸ್ತು, ಇಡೀ ಮನೆಯ ಮುಸುರೆಯನ್ನು ಹೊರಗೆ ಸಾಗಿಸುತ್ತದೆ. ಈಗಲೂ ಅದನ್ನು ನೆನೆದರೆ ನನಗೆ ಖುಷಿಯಾಗುತ್ತದೆ.

ಯಂತ್ರ ಒಂದೇ, ಆದರೆ ಊರೂರಿಗೂ ಅದರ ರೋಗ ಬೇರೆ. ಸಾವಳಗಿಯಲ್ಲಿ ಒಣದ್ರಾಕ್ಷಿ ವ್ಯಾಪಾರಿಯೊಬ್ಬರ ಮನೆಯಲ್ಲಿ ಪಂಪಿನ ರೆಕ್ಕೆಗೆ ದ್ರಾಕ್ಷಿಯ ಕಡ್ಡಿ ಸಿಕ್ಕಿಕೊಂಡಿತ್ತು. ಮುಧೋಳದಲ್ಲಿ ಅಡಿಗೆಮನೆಗೆ ಹೊಸ ಕಪಾಟು ಕೂರಿಸಿದ ಬಡಗಿ, ನೀರು ಹೊರಹೋಗುವ ಪೈಪನ್ನು ಕಪಾಟಿನ ಬೆನ್ನಿಗೆ ಒತ್ತಿ ಅದರ ಕುತ್ತಿಗೆ ಹಿಸುಕಿದ್ದ. ಬೀಳಗಿಯಲ್ಲಿ ನಾನು ಹೋಗುವಷ್ಟರಲ್ಲಿ ಅಡಿಗೆಮನೆಯ ತುಂಬ ನೊರೆ. ಮನೆಯ ಯಜಮಾನರು ಪಂಚೆ ಎತ್ತಿ ಕಟ್ಟಿ ನೊರೆಯ ನಡುವೆ ನಿಂತಿದ್ದರು. ಬಟ್ಟೆ ಒಗೆಯುವ ಪುಡಿಯನ್ನು ಹಾಕಿದ್ದರು.

“ಅರಿವಿ ಶುಭ್ರ ಮಾಡೂ ಪುಡಿ ತಾಟು ಯಾಕ ಶುಭ್ರ ಮಾಡಂಗಿಲ್ರಿ?” ಎಂದು ನನ್ನನ್ನೇ ಕೇಳಿದರು.

“ಶುಭ್ರ ಮಾಡೇತಲ್ರಿ. ತಾಟು, ನೆಲ, ನಿಮ್ಮ ಕಾಲು, ಎಲ್ಲಾನೂ,” ಎಂದೆ. ಸಿಟ್ಟಾಗಬಹುದಿತ್ತು, ಆದರೆ ಅವರು ನಕ್ಕು ಚಹ ತರಿಸಿದರು.

ಈ ರೋಗಗಳೆಲ್ಲ ಕಣ್ಣಿಗೆ ಕಾಣುವಂಥವು. ನನ್ನ ತಲೆ ಕೆಡಿಸಿ, ನಿದ್ದೆಗೆಡಿಸಿ, ಕೊನೆಗೆ ಕುಣಿಯುವಂತೆ ಮಾಡಿದ್ದು ಬನಹಟ್ಟಿಯ ಒಂದು ಯಂತ್ರ. ಅದರ ಕಥೆಯನ್ನೇ ಹೇಳಬೇಕೆಂದು ಕೂತಿದ್ದೇನೆ.

ಅದು ನೇಕಾರರ ಮನೆ. ಮನೆಗೆ ಅಂಟಿಕೊಂಡೇ ಪವರ್‌ಲೂಮ್ ಶೆಡ್ಡು. ಹಿರಿಯಳು ಕಮಲವ್ವ, ಅವಳ ಮಗ ಮಹಾದೇವ, ಸೊಸೆ ಶೈಲಾ. ಮಗ್ಗದ ಕೆಲಸಗಾರರ ಊಟವೂ ಆ ಮನೆಯಲ್ಲೇ, ಹಾಗಾಗಿ ಹೊತ್ತು ಹೊತ್ತಿಗೆ ಮುಸುರೆಯ ಗುಡ್ಡ. ಶೈಲಾ ಸೀರೆಯ ಸೆರಗಿಗೆ ವಿನ್ಯಾಸ ಬರೆಯುವವಳು. ಬರೆದದ್ದನ್ನು ದಪ್ಪ ರಟ್ಟಿನ ಪಟ್ಟಿಗಳ ಮೇಲೆ ತೂತು ತೂತಾಗಿ ಕೊರೆಯುತ್ತಾಳೆ. ಆ ತೂತುಗಳನ್ನು ನೋಡಿಕೊಂಡೇ ಮಗ್ಗ ಯಾವ ನೂಲು ಎತ್ತಬೇಕು, ಯಾವುದು ಬಿಡಬೇಕು ಎಂದು ತಿಳಿಯುತ್ತದೆ. ಪಡಸಾಲೆಯ ಮೂಲೆಯಲ್ಲಿ ಅವಳ ಕೊರೆಯುವ ಯಂತ್ರವಿತ್ತು. ಆದರೆ ದಿನವೆಲ್ಲ ಬಚ್ಚಲಲ್ಲಿ ಕೂತು ಪಾತ್ರೆ ತಿಕ್ಕಿದರೆ ಪಟ್ಟಿ ಕೊರೆಯುವುದು ಯಾವಾಗ? ಅವಳ ನವಿಲಿನ ಸೆರಗು ಬೇಕೆಂದು ತೇರದಾಳದಿಂದಲೂ ವ್ಯಾಪಾರಿಗಳು ಬರುತ್ತಿದ್ದರು, ಬರಿಗೈಯಲ್ಲಿ ಹೋಗುತ್ತಿದ್ದರು. ಹಟ ಹಿಡಿದು ಪಾತ್ರೆಯ ಯಂತ್ರ ತರಿಸಿಕೊಂಡಿದ್ದಳು. ತಂದ ಮೊದಲಲ್ಲಿ ಎಲ್ಲ ಸರಿಯಿತ್ತಂತೆ. ಆಮೇಲೆ ನೀರು ನಿಲ್ಲತೊಡಗಿತು.

ನಾನು ಹೊರಡುವ ಮುನ್ನ ಫೋನ್ ಮಾಡಿದೆ. ಅದು ನಮ್ಮಲ್ಲಿ ನಿಯಮ. ಹೋಗಿ ಬಾಗಿಲು ತೆರೆದು ನೋಡಿದರೆ ತಳದಲ್ಲಿ ಕಂದು ನೀರು. ಮೂಸಿದೆ. ಸೋಪು, ಅದರ ಜೊತೆಗೆ ಶೇಂಗಾ. ಜರಡಿ ಎತ್ತಿದೆ. ಕೆಳಗಿನ ಗುಂಡಿಯಲ್ಲಿ ಶೇಂಗಾ ನುಚ್ಚು. ಒಳ್ಳೆಯ ಬೇಟೆ ಸಿಕ್ಕಿತೆಂದು ಹಿಗ್ಗಿ ಅಲ್ಲೇ ತೀರ್ಪು ಕೊಟ್ಟುಬಿಟ್ಟೆ.

“ಶೇಂಗಾ ಚಟ್ನಿರಿ ಇದು. ತಾಟಿಗೆ ಹತ್ತಿದ್ದನ್ನ ಬಳದ ಇಡ್ರಿ,” ಎಂದೆ.

ಶೈಲಾ ಮುಖ ಸಣ್ಣದು ಮಾಡಿಕೊಂಡಳು. “ಬಳದ ಇಡತೇನ್ರಿ ನಾ,” ಎಂದಳು.

ಗುಂಡಿ ತೊಳೆದೆ, ನೀರು ಹಿಂದಕ್ಕೆ ಬಾರದಂತೆ ತಡೆಯುವ ಚಿಕ್ಕ ರಬ್ಬರ್ ಕವಾಟವನ್ನು ಒರೆಸಿದೆ, ಯಂತ್ರ ಚಾಲೂ ಮಾಡಿದೆ. ನೀರು ಸೊರ್ರೆಂದು ಹೊರಗೆ ಹೋಯಿತು. ಹಿತ್ತಲಿಗೂ ಹೋಗಿ ನೋಡಿದೆ. ಗೋಡೆಯ ತೂತಿನಿಂದ ಬಂದ ಪೈಪು ಮೋರಿಯಲ್ಲಿ ನೆಟ್ಟಗೆ ಇತ್ತು, ನಮ್ಮವರು ಕೂರಿಸಿದ್ದ ಹಾಗೆಯೇ. ಅಂಗಳ ಗುಡಿಸಿ ನೀರು ಚಿಮುಕಿಸಿತ್ತು. ಒಂದು ಎಮ್ಮೆ, ಒಂದು ಎತ್ತರದ ಕಟ್ಟೆ, ಕಟ್ಟೆಯ ಮೇಲೆ ಎಮ್ಮೆಗೆ ನೀರು ಕುಡಿಸುವ ಕಲ್ಲುದೋಣಿ. ಕಮಲವ್ವ ತಾನೇ ಕೈಗೆ ನೀರು ಹಾಕಿ, ಅವಲಕ್ಕಿ ಚೂಡಾ ತಿನ್ನಿಸಿ ಕಳಿಸಿದಳು. ಹೆಮ್ಮೆಯಿಂದ ಜಮಖಂಡಿಗೆ ಬಂದೆ.

ಎರಡೇ ದಿನಕ್ಕೆ ಮತ್ತೆ ಕರೆ. “ನೀವು ಬಂದಾಗ ಛಲೋ ಇತ್ರಿ. ನೀವು ಹೋದ ಮ್ಯಾಲೆ ಮತ್ತ ಅದ ಹಾಡು,” ಎಂದಳು ಶೈಲಾ.

ಮತ್ತೆ ಫೋನ್ ಮಾಡಿ ಹೋದೆ. ಮತ್ತೆ ಕಂದು ನೀರು, ಮತ್ತೆ ಶೇಂಗಾ ನುಚ್ಚು. ಚಟ್ನಿ ಮಾಡುವುದನ್ನೇ ಬಿಟ್ಟಿದ್ದೇವೆ ಎಂದು ಶೈಲಾ ದೇವರ ಮೇಲೆ ಆಣೆ ಮಾಡಿದಳು. ಪಂಪು ಬಿಚ್ಚಿದೆ, ಅದರಲ್ಲಿ ದೋಷವಿಲ್ಲ. ಚಾಲೂ ಮಾಡಿದೆ, ನೀರು ಹೋಯಿತು. ಪೈಪು ಮೋರಿಯಲ್ಲೇ ಇತ್ತು. ಒಂದು ಸಲ ಅಲ್ಲ, ಮೂರು ಸಲ ನೀರು ತುಂಬಿಸಿ ಬಿಟ್ಟು ನೋಡಿದೆ. ಯಂತ್ರ ನನ್ನೆದುರು ಸಾಲೆಯ ಜಾಣ ಹುಡುಗನಾಗಿ ವರ್ತಿಸುತ್ತಿತ್ತು.

ಆವತ್ತು ಕಮಲವ್ವ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಜಗಳಗಂಟಿಯಲ್ಲ, ದನಿ ಎತ್ತುವವಳೂ ಅಲ್ಲ. ಆದರೆ ಅವಳು ಮೆಲ್ಲಗೆ ಹೇಳಿದ್ದನ್ನು ಆ ಮನೆಯಲ್ಲಿ ಯಾರೂ ದಾಟುತ್ತಿರಲಿಲ್ಲ.

“ನೋಡ್ರಿ, ಬರೂ ಸೋಮವಾರ ಮಠದ ಅಯ್ಯಗೋಳು ಪ್ರಸಾದಕ್ಕ ಬರತಾರ. ನಿನ್ನಿ ಎಂಜಲ ನೀರು ಅಡಗಿಮನ್ಯಾಗ ನಿಂತಿರೂದು, ಅದರ ಮಗ್ಗಲಕ ನಾ ನೈವೇದ್ಯ ಮಾಡೂದು, ಇದು ಆಗೂದಿಲ್ಲ. ಅಷ್ಟ್ರಾಗ ಛಲೋ ಆತಂದ್ರ ಇರಲಿ. ಇಲ್ಲಂದ್ರ ಅಯ್ಯಗೋಳ ಊಟಾ ಆದ ಮ್ಯಾಲೆ ಮಗ್ಗದ ಹುಡುಗ್ರು ಅದನ್ನ ಎತ್ತಿ ಹೊರಗ ಇಡತಾರ.”

ಶೈಲಾ ಪಡಸಾಲೆಯ ಕಡೆ ಒಮ್ಮೆ ನೋಡಿದಳು, ಅಲ್ಲಿ ಅರ್ಧ ಕೊರೆದ ಪಟ್ಟಿಗಳ ಸರ ತೂಗುತ್ತಿತ್ತು. ಅವಳ ಆ ನೋಟ ನನ್ನ ಎದೆಗೆ ನಾಟಿತು. ನನಗೆ ಇದೊಂದು ಕೆಟ್ಟ ಯಂತ್ರ, ಅವಳಿಗೆ ಅದು ಹೋದರೆ ಮತ್ತೆ ಬಚ್ಚಲು. ಅತ್ತೆಯ ಮೇಲೂ ನನಗೆ ಸಿಟ್ಟು ಬರಲಿಲ್ಲ, ಹಳಸಿದ ನೀರಿನ ಪಕ್ಕದಲ್ಲಿ ನೈವೇದ್ಯ ಮಾಡು ಎಂದು ಯಾರಿಗೆ ಹೇಳಲಾದೀತು?

ಈಗ ನಮ್ಮ ಸಾಹೇಬರ ಮಾತು ಹೇಳಬೇಕು. ಬೆಳಗಾವಿಯ ಆಫೀಸಿನಲ್ಲಿ ಕೂತಿರುತ್ತಿದ್ದರು. ಮಾತು ಎಂದರೆ ಜ್ವಾಲಾಮುಖಿ. ಹಿಂದೆಲ್ಲ ದೂರಿನ ವಿವರವನ್ನು ಫೋನಿನಲ್ಲಿ ಹೇಳಿ ಬೈಸಿಕೊಳ್ಳುತ್ತಿದ್ದೆವು. ಈಚೆಗೆ ಯಂತ್ರದ ಒಳಭಾಗದ ಫೋಟೋ ತೆಗೆದು ಮೊಬೈಲಿನಲ್ಲಿ ಕಳಿಸಿ ಬೈಸಿಕೊಳ್ಳಬೇಕಾಯಿತು. ಈ ಫೋಟೋ ಪದ್ಧತಿ ಬಂದಾಗ ನಾನು ಮೂಗು ಮುರಿದವನೇ, ಕೈಯಲ್ಲಿ ಮುಟ್ಟದೆ ಚಿತ್ರ ನೋಡಿ ಏನು ತಿಳಿಯುತ್ತದೆ ಎಂದು. ನೀವು ಹಾಗೆ ಮುರಿಯಬೇಡಿ. ಅವತ್ತು ನನ್ನ ಮಾನ ಕಾಪಾಡಿದ್ದು ಆ ಫೋಟೋನೇ.

ಬನಹಟ್ಟಿಯಲ್ಲಿ ತೆಗೆದ ಫೋಟೋ ಕಳಿಸಿದೆ. ಸಾಹೇಬರು ಅದನ್ನು ನೋಡಿ ತಕ್ಷಣ ಫೋನ್ ಮಾಡಿದರು. “ಈರಪ್ಪ, ಈ ಶೇಂಗಾ ನುಚ್ಚು ಜರಡಿ ಮ್ಯಾಲೆ ಇತ್ತೋ, ಕೆಳಗ ಇತ್ತೋ?”

“ಕೆಳಗ್ರಿ, ಗುಂಡ್ಯಾಗ.”

“ತಾಟಿನ್ಯಾಗಿಂದ ಬಿದ್ದದ್ದು ಜರಡಿ ದಾಟಿ ಕೆಳಗ ಹೆಂಗ ಹೋತಲೇ? ಜರಡಿ ಹರದೈತೇನು?”

“ಇಲ್ರಿ. ಹೊಸದಿದ್ದಂಗ ಐತ್ರಿ.”

“ಮತ್ತ?”

ಆ ‘ಮತ್ತ’ ನನ್ನ ನೆತ್ತಿಗೆ ಬಡಿಯಿತು. ಮೇಲಿಂದ ಬಂದಿಲ್ಲ ಎಂದರೆ ಕೆಳಗಿನಿಂದ ಬಂದಿದೆ. ನೀರು ಹೊರಹೋಗುವ ದಾರಿಯಿಂದಲೇ ಒಳಗೆ ಬಂದಿದೆ. ಯಂತ್ರ ನೀರನ್ನು ಹೊರಗೆ ಹಾಕುತ್ತಲೇ ಇದೆ, ಹೊರಗಿನಿಂದ ಯಾವುದೋ ನೀರು ವಾಪಸು ಬರುತ್ತಿದೆ. ನುಚ್ಚು ಕವಾಟದಲ್ಲಿ ಸಿಕ್ಕಿ ಅದರ ಬಾಯಿಯನ್ನು ತೆರೆದಿಡುತ್ತಿದೆ. ಆದರೆ ಮೋರಿಯ ನೀರು ಮೇಲಕ್ಕೆ ಏರಲಾರದು. ಮೋರಿಗೆ ಶೇಂಗಾ ಎಲ್ಲಿಂದ?

“ನೀ ಹೋಗೂ ಮುಂದ ಫೋನ್ ಮಾಡತಿ ಹೌದಲ್ಲೋ? ಈ ಸಲ ಮಾಡಬ್ಯಾಡ. ಯಂತ್ರ ನೋಡಾಕ ಹೋಗಬ್ಯಾಡ, ಮನಿ ನೋಡಾಕ ಹೋಗು,” ಎಂದು ಸಾಹೇಬರು ಫೋನ್ ಇಟ್ಟರು. ಅವರ ಕೈಕೆಳಗೆ ದುಡಿದ ಅಷ್ಟೂ ವರ್ಷದಲ್ಲಿ ನಾನು ಅವರ ಬೈಗುಳವನ್ನು ಲೆಕ್ಕವಿಲ್ಲದಷ್ಟು ತಿಂದಿದ್ದೇನೆ. ಅದೊಂದು ಮಾತಿಗೆ ಎಲ್ಲವೂ ವಜಾ.

ಭಾನುವಾರ ರಜೆ. ನನಗೆಲ್ಲಿಯ ರಜೆ? ಗಾಡಿ ಹತ್ತಿ ಬನಹಟ್ಟಿಗೆ ಹೋದೆ. ಮುಂಬಾಗಿಲಿಗೆ ಹೋಗದೆ ಹಿಂದಿನ ಓಣಿಯಿಂದ ಹಿತ್ತಲಿಗೆ ಬಂದೆ. ಬೇಲಿಯ ಗೇಟು ಸರಿಸಿ ಎರಡು ಹೆಜ್ಜೆ ಇಡುವಷ್ಟರಲ್ಲಿ ಕಾಲಿಗೆ ಏನೋ ತೊಡರಿ ಮುಗ್ಗರಿಸಿದೆ. ಬಗ್ಗಿ ನೋಡಿದರೆ ಯಂತ್ರದ ಪೈಪು. ಹುಡುಕುವ ಬಳ್ಳಿ ಕಾಲಿಗೆ ತೊಡರುವುದು ಎಂದರೆ ಇದೇ. ಪೈಪು ಮೋರಿಯಲ್ಲಿರಲಿಲ್ಲ. ಅಂಗಳದುದ್ದಕ್ಕೆ ಹರಿದು, ಕಟ್ಟೆಯನ್ನೇರಿ, ಎಮ್ಮೆಯ ಕಲ್ಲುದೋಣಿಯೊಳಗೆ ಮುಳುಗಿತ್ತು.

ನಾನು ಉಸಿರು ಬಿಗಿಹಿಡಿದು ನಿಂತೆ. ಒಳಗೆ ಯಂತ್ರ ನಡೆಯುತ್ತಿತ್ತು. ಸ್ವಲ್ಪ ಹೊತ್ತಿಗೆ ಪಂಪು ಗುಂಯ್ ಎಂದಿತು, ದೋಣಿಯೊಳಗೆ ನೀರು ಬುಳುಬುಳು ಎಂದು ನುಗ್ಗಿತು, ಪಂಪು ನಿಂತಿತು. ಆಗ ನೋಡಿದೆ. ದೋಣಿಯ ಮೇಲೆ ತೇಲುತ್ತಿದ್ದ ಒಂದು ಹುಲ್ಲಿನ ಎಸಳು ಮೆಲ್ಲಗೆ ತಿರುಗಿ, ಪೈಪಿನ ಕಡೆಗೆ ಸರಿಯತೊಡಗಿತು. ಕಟ್ಟೆ ಎತ್ತರ, ದೋಣಿ ತುಂಬಿದೆ, ಯಂತ್ರದ ತಳ ತಗ್ಗಿನಲ್ಲಿದೆ. ಹೊರಗೆ ಬಂದ ನೀರು ಅದೇ ಪೈಪಿನಿಂದ ಒಳಗೆ ಹೋಗುತ್ತಿತ್ತು, ದೋಣಿಯ ತಳದ ಶೇಂಗಾ ಹಿಂಡಿಯ ನುಚ್ಚನ್ನೂ ಕರೆದುಕೊಂಡು. ನಾನು ಮೂಸಿದ್ದು ಚಟ್ನಿಯಲ್ಲ, ಗಾಣದ ಹಿಂಡಿ. ಆ ಕ್ಷಣದ ಸಂತೋಷವನ್ನು ಹೇಗೆ ಹೇಳಲಿ? ಮಗಳು ಹುಟ್ಟಿದಳೆಂದು ದಾದಿ ಬಂದು ಹೇಳಿದ ದಿನ ಬಿಟ್ಟರೆ ಅಷ್ಟು ಖುಷಿಯಾದದ್ದು ಅವತ್ತೇ.

“ಯಾರದು?” ಎಂದು ಕಮಲವ್ವ ಹಿಂಡಿಯ ಬುಟ್ಟಿ ಹಿಡಿದು ಹೊರಗೆ ಬಂದಳು. ನನ್ನನ್ನು ಕಂಡದ್ದೇ ಬುಟ್ಟಿ ಕೆಳಗಿಟ್ಟು, ದೋಣಿಯಿಂದ ಪೈಪು ಎಳೆದು ಮೋರಿಯ ಕಡೆ ಓಡಿದಳು.

“ಇರಲಿ ಬಿಡ್ರಿ ಅವ್ವಾರ, ನೋಡೇನಿ,” ಎಂದೆ.

ಅವಳು ಪೈಪು ಹಿಡಿದೇ ನಿಂತಳು. “ತಪ್ಪ ತಿಳಕೋಬ್ಯಾಡ್ರಿ. ನೀವು ಛಂದಂಗಿ ಮೋರ್‍ಯಾಗ ಹಾಕಿದ ಪೈಪ ನಾ ಕಿತ್ತೇನಿ ಅಂದ್ರ ನಿಮಗ ಬ್ಯಾಸರ ಆಗತೈತೆಲ್ರಿ. ಅದಕ್ಕ ನೀವು ಬರತೀರಿ ಅಂದಾಗೆಲ್ಲ ಮತ್ತ ಅಲ್ಲೇ ಇಡತಿದ್ನಿ. ಮನಿಗೆ ಬಂದವರ ಕೆಲಸಕ್ಕ ಅವಮಾನ ಮಾಡಬಾರದು.”

ನನಗೆ ನಗು ಬಂತು, ಕಣ್ಣೂ ತುಂಬಿದವು. ಎರಡು ಸಲ ನನ್ನ ತಲೆ ಕೆಡಿಸಿದ್ದು ಮುದುಕಿಯ ಮೋಸವಲ್ಲ, ನನ್ನ ಮೇಲಿನ ಮರ್ಯಾದೆ. ಫೋನ್ ಬಂದೊಡನೆ ಅಂಗಳ ಗುಡಿಸಿ, ಪೈಪು ಒರೆಸಿ ಮೋರಿಗೆ ಇಡುತ್ತಿದ್ದಳು. ನಾನು ಗೇಟು ದಾಟಿದೊಡನೆ ಮತ್ತೆ ದೋಣಿಗೆ ಇಡುತ್ತಿದ್ದಳು. ಮುಸುರೆ ನೀರು ಮೋರಿಗೆ ಚೆಲ್ಲುವುದೆಂದರೆ ಆ ತಲೆಮಾರಿನ ಹೆಂಗಸರಿಗೆ ಹೊಟ್ಟೆ ಉರಿಯುವ ವಿಷಯ. ಅನ್ನದ ಅಗುಳು, ಬೇಳೆಯ ಕಟ್ಟು, ಎಲ್ಲವೂ ದನದ ಪಾಲು. ಯಂತ್ರ ಬಂದ ಕೆಲವು ದಿನಕ್ಕೆ ಎಮ್ಮೆಯೂ ಬಂದಿತ್ತು. ಅವಳು ಎಮ್ಮೆಯ ಪಾಲನ್ನು ಎಮ್ಮೆಗೆ ತಿರುಗಿಸಿದ್ದಳು, ಅಷ್ಟೇ.

“ಎಮ್ಮಿ ಕುಡಿತೈತೇನ್ರಿ ಈ ನೀರು?” ಎಂದು ಕೇಳಿದೆ.

ಅವಳ ಮುಖ ಬಾಡಿತು. “ಅದ ಚಿಂತ್ಯಾಗೇತ್ರಿ. ಕೊಡದಾಗ ನಳದ ನೀರ ಇಟ್ರ ಕುಡಿತೈತಿ, ದೋಣಿಗೆ ಬಾಯಿ ಹಚ್ಚವಲ್ದು. ಹಿಂಡಿ ಕಲಸಿದ್ರೂ ಮೂಸಿ ಹಿಂದ ಸರಿತೈತಿ. ಯಾರದೋ ಕಣ್ಣ ಬಿದ್ದೈತಿ ಅಂತ ದೃಷ್ಟಿನೂ ತಗದೇನಿ.”

ನೋಡಿ, ಮೂಸುವುದರಲ್ಲಿ ನನಗಿಂತ ಎಮ್ಮೆಯೇ ಜಾಣೆ. “ಅವ್ವಾರ, ಅದರಾಗ ತೊಳಿಯೂ ಪುಡಿ ಐತ್ರಿ. ಉಪ್ಪೂ ಐತಿ. ಅದು ದನಕ್ಕ ಹಾಕೂ ನೀರಲ್ಲ,” ಎಂದೆ.

ಕಮಲವ್ವ ಕಟ್ಟೆಯ ಮೇಲೆ ಕುಸಿದು ಕೂತಳು. ಎಮ್ಮೆಯ ಕಡೆ ನೋಡಿ, ಆಮೇಲೆ ತನ್ನ ಕೈಗಳನ್ನು ನೋಡಿಕೊಂಡಳು. “ನನ್ನ ಕೈಯಾರ ಹಾಕಿದ್ನೆಲ್ಲೋ ಯಪ್ಪಾ,” ಎಂದಳು.

“ಅದು ಕುಡದಿಲ್ರಿ. ಕುಡದಿಲ್ಲಂದ ಮ್ಯಾಲೆ ಏನೂ ಆಗಿಲ್ಲ,” ಎಂದು ಮತ್ತೆ ಮತ್ತೆ ಹೇಳಿದೆ. ಎದ್ದು ಹೋಗಿ ಎಮ್ಮೆಯ ಕುತ್ತಿಗೆ ಸವರುತ್ತ ಬಹಳ ಹೊತ್ತು ನಿಂತಳು. ನಾನು ಆ ಹೊತ್ತಿನಲ್ಲಿ ದೋಣಿಯ ನೀರನ್ನು ಪೂರ್ತಿ ಚೆಲ್ಲಿದೆ.

ಪಡಸಾಲೆಯಿಂದ ಶೈಲಾಳ ಕೊರೆಯುವ ಯಂತ್ರದ ಸದ್ದು ಕೇಳುತ್ತಿತ್ತು. ಅವಳಿಗೆ ನಾನು ಬಂದದ್ದು ಗೊತ್ತಿರಲಿಲ್ಲ. ಕಮಲವ್ವ ತಿರುಗಿ, “ಸೊಸಿ ಮುಂದ ಹೇಳಬ್ಯಾಡ್ರಿ,” ಎಂದಳು.

ಇಲ್ಲಿ ನಾನು ಇಕ್ಕಟ್ಟಿಗೆ ಸಿಕ್ಕಿದೆ. ಹೇಳಿದರೆ ಶೈಲಾ ಗೆಲ್ಲುತ್ತಾಳೆ, ಆದರೆ ಸೋತ ಅತ್ತೆಯ ಅಡಿಗೆಮನೆಯಲ್ಲಿ ಆ ಯಂತ್ರ ಎಷ್ಟು ದಿನ ಬಾಳೀತು? ಹೇಳದಿದ್ದರೆ, ಯಂತ್ರವನ್ನು ಹೊರಗೆ ಹಾಕುವ ಗಡುವು ನಾಳೆಯೇ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. “ಹೇಳಂಗಿಲ್ರಿ,” ಎಂದು ಮಾತು ಕೊಟ್ಟು, ಪಡಸಾಲೆಗೆ ಸದ್ದು ಕೇಳದಂತೆ ಹಿತ್ತಲ ಬಾಗಿಲಿನಿಂದ ಒಳಗೆ ಹೋಗಿ ಕವಾಟ ತೊಳೆದೆ, ಪೈಪನ್ನು ಗೋಡೆಯ ಮೇಲೆ ಎತ್ತರಕ್ಕೆ ಏರಿಸಿ, ಕಮಾನಿನಂತೆ ಬಗ್ಗಿಸಿ ಕ್ಲಿಪ್ ಹೊಡೆದು, ಮೋರಿಗೆ ಇಳಿಸಿದೆ. ಹೀಗೆ ಕಮಾನು ಮಾಡಿದರೆ ಪೈಪು ಸ್ವಲ್ಪ ಅತ್ತಿತ್ತ ಆದರೂ ನೀರು ಹಿಂದಕ್ಕೆ ಬರುವುದಿಲ್ಲ. ಇದನ್ನು ನೆನಪಿಡಿ, ಯಾರ ಮನೆಗೆ ಹೋದರೂ ಮಾಡಿ.

ಕಮಲವ್ವ ಪಕ್ಕದಲ್ಲೇ ನಿಂತು ಎಲ್ಲ ನೋಡಿದಳು. ಕೊನೆಗೆ, “ಪುಡಿ ಹಾಕೂಕಿಂತ ಮೊದಲ ತಾಟು ಒಂದೀಟು ನೀರಾಗ ಬಳದು, ಆ ನೀರು ಎಮ್ಮಿಗೆ ಹಾಕಿದ್ರ?” ಎಂದು ಕೇಳಿದಳು.

ಹಾಗೆ ನೀರಲ್ಲಿ ತೊಳೆದು ಇಡಬೇಕಿಲ್ಲ ಎಂದು ಯಂತ್ರದ ಜೊತೆ ಬರುವ ಪುಸ್ತಕ ಹೇಳುತ್ತದೆ. ನಾನು ಪುಸ್ತಕದ ಹೆಸರೆತ್ತಲಿಲ್ಲ. “ಅದಕ್ಕಿಂತ ಛಲೋದು ಯಾವದೂ ಇಲ್ರಿ,” ಎಂದೆ. ನನಗೇ ಹೊಳೆಯದ ಉಪಾಯವನ್ನು ಅವಳು ಹೇಳಿದ್ದಳು.

“ನಾಳಿ ಪ್ರಸಾದಕ್ಕ ಬರ್ರಿ,” ಎಂದಳು.

ಸೋಮವಾರ ಹೋದೆ. ಶೈಲಾ ನನ್ನನ್ನು ಕಂಡು, ಇನ್ನು ಬಂದು ಏನು ಪ್ರಯೋಜನ ಎಂಬಂತೆ ನಕ್ಕಳು. ಅಯ್ಯನವರು ಬಂದರು, ಪಾದಪೂಜೆಯಾಯಿತು, ಹೋಳಿಗೆ ಊಟವಾಯಿತು, ಅವರು ಹರಸಿ ಹೊರಟರು. ಆಮೇಲೆ ಮಗ್ಗದವರ ಪಂಕ್ತಿಯೂ ಎದ್ದಿತು. ತಾಟುಗಳ ರಾಶಿ ಬಿದ್ದಿತ್ತು. ಶೈಲಾ ಸೆರಗು ಸೊಂಟಕ್ಕೆ ಸಿಕ್ಕಿಸಿ, ತಾಟುಗಳನ್ನು ಎತ್ತಿಕೊಂಡು ಬಚ್ಚಲ ಕಡೆ ಹೊರಟಳು. ಯಾರೂ ಹೇಳುವ ಮೊದಲೇ ಹೊರಟಿದ್ದಳು. ಹೇಳಿಬಿಡಬೇಕೆಂದು ಎದ್ದೆ, ಆದರೆ ಮಾತು ಕೊಟ್ಟಿದ್ದೆ.

ಮಹಾದೇವ ಇಬ್ಬರು ಹುಡುಗರನ್ನು ಕರೆದು ಅಡಿಗೆಮನೆಯ ಬಾಗಿಲಲ್ಲಿ ನಿಂತ. “ಯವ್ವಾ, ಎತ್ತೂನೇನು ಬೇ?” ಎಂದ.

“ಯಾತಕ್ಕ ಎತ್ತತಿ?” ಎಂದಳು ಕಮಲವ್ವ. “ಅದು ಕೆಟ್ಟಿರಲಿಲ್ಲ. ಅದರ ಪೈಪ ನಾ ಎಮ್ಮಿ ದೋಣ್ಯಾಗ ಇಟ್ಟಿದ್ನಿ. ಚೆಲ್ಲಿದ ನೀರು ತಿರುಗಿ ಒಳಗ ಬರತಿತ್ತು. ತಪ್ಪು ನಂದು.”

ಪಡಸಾಲೆಯಲ್ಲಿದ್ದ ಮಗ್ಗದವರೆಲ್ಲ ಕೇಳುವಂತೆಯೇ ಹೇಳಿದಳು. ಸೊಸೆಗೆ ಹೇಳಬೇಡಿ ಎಂದು ನನ್ನ ಬಾಯಿ ಕಟ್ಟಿದವಳು ಅವಳೇ. ಶೈಲಾ ಬಚ್ಚಲ ಹೊಸ್ತಿಲಲ್ಲಿ ತಾಟುಗಳನ್ನು ಹಿಡಿದು ನಿಂತೇ ಇದ್ದಳು. ಕಮಲವ್ವ ಹತ್ತಿರ ಹೋಗಿ ಅವಳ ಕೈಯಿಂದ ತಾಟುಗಳನ್ನು ತೆಗೆದುಕೊಂಡಳು.

“ಇವನ್ನ ನಾ ಬಳದು ಯಂತ್ರದಾಗ ಇಡತೇನಿ. ನೀ ಹೋಗು. ತೇರದಾಳದಾವ್ರು ಕಾಯಾಕತ್ತಾರ, ನವಿಲು ಮುಗಸು.”

ಶೈಲಾ ಅತ್ತೆಯ ಮುಖವನ್ನೇ ನೋಡಿದಳು. ಆಮೇಲೆ ಸೆರಗು ಬಿಚ್ಚಿ ಕೈ ಒರೆಸಿಕೊಂಡು ಪಡಸಾಲೆಗೆ ಹೋದಳು. ಸ್ವಲ್ಪ ಹೊತ್ತಿಗೆ ಪಟ್ಟಿ ಕೊರೆಯುವ ಸದ್ದು ಶುರುವಾಯಿತು. ನಾನು ಎಲೆ ಅಡಿಕೆ ಮುಗಿಸಿ ಹೊರಡುವವರೆಗೂ ಅದು ನಿಲ್ಲಲಿಲ್ಲ.